ಬ್ರಾಹ್ಮಿ: ಒಂದು ಹೆಸರು, ಎರಡು ಮೂಲಿಕೆ

ಮಕ್ಕಳ ಪರೀಕ್ಷೆಗಳು ಸಮೀಪಿಸಿದೊಡನೆ ನಮ್ಮ ಮನೆಗಳಲ್ಲಿ ಬ್ರಾಹ್ಮಿಯ ನೆನಪಾಗುತ್ತದೆ. ತರಿಸಿದ ಪುಡಿ ಯಾವ ಗಿಡದ್ದೆಂದು ಕೇಳುವವರು ವಿರಳ. ಕೆಲವು ವರ್ಷಗಳ ಹಿಂದೆ ನಾನು ಎರಡು ಅಂಗಡಿಗಳಿಂದ ಬ್ರಾಹ್ಮಿಯ ಒಣಸೊಪ್ಪನ್ನು ತರಿಸಿದೆ. ಒಂದು ಪೊಟ್ಟಣದಲ್ಲಿದ್ದುದು ನಾವು ತಂಬುಳಿಗೆ ಬಳಸುವ ಒಂದೆಲಗ, ಮತ್ತೊಂದರಲ್ಲಿದ್ದುದು ನೀರುಬ್ರಾಹ್ಮಿ. ತಮ್ಮದೇ ನಿಜವಾದ ಬ್ರಾಹ್ಮಿಯೆಂದು ಇಬ್ಬರು ವರ್ತಕರೂ ಹೇಳಿದರು. ಅವರು ಸುಳ್ಳಾಡಿದರೆಂದು ನಾನು ಹೇಳಲಾರೆ.

ಪ್ರಾಚೀನ ವೈದ್ಯಗ್ರಂಥಗಳಲ್ಲಿ ಇವೆರಡೂ ಬೇರೆ. ಚರಕಸಂಹಿತೆಯು ಬುದ್ಧಿವರ್ಧಕವಾದ ನಾಲ್ಕು ಮೇಧ್ಯ ರಸಾಯನಗಳನ್ನು ಹೇಳುತ್ತದೆ: ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಜ್ಯೇಷ್ಠಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಮಂಡೂಕಪರ್ಣಿಯೇ ನಮ್ಮ ಒಂದೆಲಗ. ಬ್ರಾಹ್ಮಿಯ ಹೆಸರು ಈ ನಾಲ್ಕರಲ್ಲಿಲ್ಲ. ಬ್ರಾಹ್ಮೀಘೃತವು ಅಪಸ್ಮಾರದ ಚಿಕಿತ್ಸೆಯಲ್ಲಿ ಬರುತ್ತದೆ. ಸುಶ್ರುತಸಂಹಿತೆಯಂತೂ ಎರಡರ ಸ್ವರಸಸೇವನೆಗೂ ಪ್ರತ್ಯೇಕ ವಿಧಿಗಳನ್ನು ವಿವರಿಸಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ನಿಘಂಟಿನಲ್ಲಿ ಎರಡನ್ನೂ ಜೊತೆಗಿರಿಸಿ, ಮಂಡೂಕಪರ್ಣಿಯ ಗುಣವೂ ಬ್ರಾಹ್ಮಿಯಂತೆಯೇ ಎಂದನು. ಗುಣವು ಸಮಾನವೆಂದ ಮೇಲೆ ಒಂದರ ಬದಲು ಇನ್ನೊಂದನ್ನು ಕೊಡುವುದಕ್ಕೆ ತಡವೇನು!

ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇವು ಹತ್ತಿರದ ನಂಟರೂ ಅಲ್ಲ. ದುಂಡನೆಯ ಎಲೆಯ ಒಂದೆಲಗವು ಕೊತ್ತಂಬರಿಯ ಕುಟುಂಬಕ್ಕೆ ಸೇರಿದ್ದು. ನೀರುಬ್ರಾಹ್ಮಿಯು ಜೌಗುನೆಲದಲ್ಲಿ ಹಬ್ಬುವ, ದಪ್ಪನೆಯ ಸಣ್ಣ ಎಲೆಗಳ, ಕಹಿಯಾದ ಗಿಡ. ಅದರ ಮುಖ್ಯ ಸತ್ತ್ವಗಳು ಬ್ಯಾಕೊಸೈಡುಗಳು. ಭಾರತದ ಅಧಿಕೃತ ಆಯುರ್ವೇದ ಔಷಧಕೋಶವು ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ, ಮಂಡೂಕಪರ್ಣಿಯೆಂದರೆ ಒಂದೆಲಗ ಎಂದು ನಿರ್ಣಯಿಸಿದೆ.

ಈ ಭೇದವು ಪಂಡಿತರ ತರ್ಕಕ್ಕಷ್ಟೇ ಸೀಮಿತವಲ್ಲ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪರೀಕ್ಷೆಯಲ್ಲಿ 40ರಿಂದ 65 ವರ್ಷದೊಳಗಿನ 76 ಜನರು ಪಾಲ್ಗೊಂಡಿದ್ದರು. ಅವರಲ್ಲಿ ಕೆಲವರಿಗೆ ಮೂರು ತಿಂಗಳು ನೀರುಬ್ರಾಹ್ಮಿಯ ಸಾರವನ್ನು, ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನು ಕೊಡಲಾಯಿತು. ಸಾರವನ್ನು ಸೇವಿಸಿದವರ ಕಲಿಯುವ ವೇಗ ಹೆಚ್ಚಲಿಲ್ಲ, ಹೊಸದಾಗಿ ಕಲಿತದ್ದನ್ನು ಮರೆಯುವುದು ಮಾತ್ರ ಕಡಿಮೆಯಾಯಿತು. ಪರೀಕ್ಷೆಯ ಹಿಂದಿನ ವಾರ ಒಂದು ಚಮಚೆ ಕುಡಿಸುವ ತಾಯಂದಿರು ಆ ಮೂರು ತಿಂಗಳ ಅವಧಿಯನ್ನು ಗಮನಿಸಬೇಕು. ಈ ಫಲವನ್ನು ಒಂದೆಲಗದ ಪುಡಿಯ ಡಬ್ಬಿಯ ಮೇಲೆ ಅಚ್ಚುಹಾಕಿಸುವುದು ನ್ಯಾಯವೂ ಅಲ್ಲ.

ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ: ಅಸಲಿನಂತೆ ತೋರುವ ಬೇರೊಂದನ್ನು ಅಸಲಿನ ಹೆಸರಿನಲ್ಲಿ ಮಾರುವುದು. ಹಳೆಯ ರೂಢಿಯಂತೆ ಒಂದೆಲಗವನ್ನು ಬ್ರಾಹ್ಮಿಯೆಂದು ನಂಬಿ ಕೊಟ್ಟ ವರ್ತಕನ ಮೇಲೆ ನಾನು ಆ ದೋಷವನ್ನು ಹೊರಿಸಲಾರೆ. ಆದರೆ ಭೇದವನ್ನು ತಿಳಿದೂ, ಅಗ್ಗವಾಗಿ ಸಿಕ್ಕಿದ್ದನ್ನು ತುಂಬಿ ಚೀಟಿ ಅಂಟಿಸಿದವನಿಗೆ ರೂಢಿಯ ಆಸರೆ ದೊರೆಯದು. ನಾನೂ ಲೆಕ್ಕಪುಸ್ತಕ ಬರೆದೇ ಬಾಳಿದವನು. ಅನುಮಾನದ ಲಾಭವು ಎಷ್ಟು ಸಲೀಸಾಗಿ ನಮ್ಮ ಕಡೆಗೇ ಜಮೆಯಾಗುತ್ತದೆಂಬುದನ್ನು ಬಲ್ಲೆ. ಬಸದಿಯ ಪಾಠಶಾಲೆಗಳಿಗೆ ಬ್ರಾಹ್ಮಿಯನ್ನು ದಾನವಾಗಿ ಕೊಳ್ಳುವ ಟ್ರಸ್ಟಿನವರು ಬಿಲ್ಲಿನಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಸಿಕೊಳ್ಳಲಿ: ನೀರುಬ್ರಾಹ್ಮಿಗೆ ಬಕೋಪ ಮೊನ್ನಿಯೇರಿ, ಒಂದೆಲಗಕ್ಕೆ ಸೆಂಟೆಲ್ಲ ಏಷಿಯಾಟಿಕ.