ದೊಡ್ಡ ಕಾರಿಗೆ ಸಣ್ಣ ಎಂಜಿನ್

ಕೆಂಗೇರಿ ದಾಟಿ ಬಿಡದಿಯತ್ತ ಸಾಗುವ ಮೈಸೂರು ರಸ್ತೆಯಲ್ಲಿ ಐಷಾರಾಮಿ ಕಾರುಗಳಿಗೆ ಕೊರತೆಯಿಲ್ಲ. ಅವುಗಳ ಬೆನ್ನಿಗೆ ಅಂಟಿಸಿರುವ ಹೊಳೆಯುವ ಅಂಕಿಗಳನ್ನು ಓದುಗರು ಗಮನಿಸಿರಬಹುದು. ಒಂದು ಕಾಲದಲ್ಲಿ ಆ ಅಂಕಿಗಳು ನಿಜ ಹೇಳುತ್ತಿದ್ದವು. 1995ರಲ್ಲಿ ಪುಣೆಯಿಂದ ಬಂದ ಮರ್ಸಿಡಿಸ್ ಇ220 ಕಾರಿನಲ್ಲಿ ಇದ್ದದ್ದು 2.2 ಲೀಟರಿನ ಎಂಜಿನ್. ಈಗ ಹಾಗಿಲ್ಲ. 2020ರಲ್ಲಿ ಬಿಡದಿಯಲ್ಲೇ ಜೋಡಣೆ ಆರಂಭವಾದ ಲೆಕ್ಸಸ್ ಇಎಸ್ 300ಎಚ್ ಕಾರಿನಲ್ಲಿ ಮೂರು ಲೀಟರಿನ ಎಂಜಿನ್ ಇಲ್ಲ, ಎರಡೂವರೆ ಲೀಟರಿನದಿದೆ. ಮರ್ಸಿಡಿಸ್ ಸಿ63 ಎಂಬ ಕಾರಿನ ಕಥೆ ಇನ್ನೂ ವಿಚಿತ್ರ. ಮೊದಲು ಅದರಲ್ಲಿ 6.2 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಇತ್ತು. ಆಮೇಲೆ ಅದು 4 ಲೀಟರಿಗೆ ಇಳಿಯಿತು. 2022ರ ಮಾದರಿಯಲ್ಲಿ ಉಳಿದದ್ದು ಬರೇ 2 ಲೀಟರ್, ನಾಲ್ಕು ಸಿಲಿಂಡರ್. ಹೆಸರು ಮಾತ್ರ ಅದೇ 63!

ಕಾರು ಕಂಡೊಡನೆ ‘ಸಿಸಿ ಎಷ್ಟು?’ ಎಂದು ಕೇಳುವುದು ನಮ್ಮಲ್ಲಿ ರೂಢಿ. ಸಿಲಿಂಡರುಗಳೊಳಗೆ ಪಿಸ್ಟನ್ ಓಡಾಡುವ ಒಟ್ಟು ಜಾಗದ ಅಳತೆಯೇ ಸಿಸಿ. ಜಾಗ ಹೆಚ್ಚಿದ್ದರೆ ಗಾಳಿ ಹೆಚ್ಚು ಹಿಡಿಸುತ್ತದೆ, ಗಾಳಿ ಹೆಚ್ಚಿದ್ದರೆ ಇಂಧನ ಹೆಚ್ಚು ಉರಿಯುತ್ತದೆ, ಶಕ್ತಿ ಹುಟ್ಟುತ್ತದೆ. ಹೀಗಾಗಿ ಶ್ರೀಮಂತರ ಕಾರು ಎಂದರೆ ದೊಡ್ಡ ಎಂಜಿನ್ ಎಂಬ ಲೆಕ್ಕ ನೂರು ವರ್ಷ ಬದಲಾಗಲಿಲ್ಲ. ಮೈಸೂರಿನ ಅರಮನೆ ರೋಲ್ಸ್ ರಾಯ್ಸ್ ಕಾರುಗಳನ್ನು ಒಂದೊಂದಾಗಿ ಕೊಳ್ಳದೆ ಗುಂಪಾಗಿ ಕೊಳ್ಳುತ್ತಿತ್ತು, ಅದಕ್ಕೇ ಆ ಕಂಪನಿಯಲ್ಲಿ ಸಗಟು ಖರೀದಿಗೆ ಮೈಸೂರಿನ ಹೆಸರೇ ಬಿತ್ತು ಎಂಬ ಮಾತು ಹಳೆಯ ಕಾರುಗಳ ಅಭಿಮಾನಿಗಳಲ್ಲಿ ಇಂದಿಗೂ ಇದೆ. ಆ ಕಾಲದ ರೋಲ್ಸ್ ರಾಯ್ಸ್‌ನ ‘ಸಿಲ್ವರ್ ಘೋಸ್ಟ್’ ಎಂಜಿನ್ ಏಳು ಲೀಟರಿಗೂ ಮಿಕ್ಕಿದ್ದು. ಇಂದು ಅದರ ಕಾಲು ಭಾಗದಷ್ಟಿರುವ ಎಂಜಿನ್ ಅದಕ್ಕಿಂತ ಹಲವು ಪಟ್ಟು ಶಕ್ತಿ ಕೊಡುತ್ತದೆ. ಇದಕ್ಕೆ ಬಹುಮಟ್ಟಿಗೆ ಕಾರಣ ಟರ್ಬೋ ಚಾರ್ಜರ್ ಎಂಬ ಸಾಧನ.

ಕಮ್ಮಾರನ ಕುಲುಮೆ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಒಲೆ ಚಿಕ್ಕದಾದರೂ ತಿದಿ ಒತ್ತಿದರೆ ಕಬ್ಬಿಣ ಕೆಂಪಗಾಗುತ್ತದೆ. ಟರ್ಬೋ ಎಂದರೆ ಎಂಜಿನ್ನಿನ ತಿದಿ. ವ್ಯತ್ಯಾಸ ಇಷ್ಟೇ, ಈ ತಿದಿಯನ್ನು ಒತ್ತಲು ಬೇರೆ ಆಳು ಬೇಡ. ಸೈಲೆನ್ಸರ್ ಕಡೆಗೆ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಸಿಲಿಂಡರಿಗೆ ತುಂಬುತ್ತದೆ. ಅಂಗೈಯಲ್ಲಿ ಹಿಡಿಸುವ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುತ್ತವೆ. ದಂಡ ತೇಲುವುದು ಎಣ್ಣೆಯ ತೆಳು ಪದರದ ಮೇಲೆ. ಆದ್ದರಿಂದಲೇ ಟರ್ಬೋ ಕಾರಿಗೆ ಎಂಜಿನ್ ಆಯಿಲ್ ಬದಲಿಸುವ ವಿಷಯದಲ್ಲಿ ಜಿಪುಣತನ ಸಲ್ಲದು.

ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಮೊದಲು ಉಪಯೋಗ ಕಂಡವರು ಹಡಗಿನವರು ಮತ್ತು ವಿಮಾನದವರು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಪರ್ವತದ ನೆತ್ತಿಗೆ ವಿಮಾನದ ಎಂಜಿನ್ ಸಾಗಿಸಿ, ಟರ್ಬೋ ಜೋಡಿಸಿ ಪರೀಕ್ಷಿಸಿದ. ಕಳೆದುಹೋದ ಶಕ್ತಿ ಮರಳಿ ಬಂತು.

ಇಲ್ಲಿ ಬೆಂಗಳೂರಿನ ಪಾಲೂ ಇದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ಅಮೆರಿಕನ್ ಬಾಂಬರ್ ವಿಮಾನಗಳು ಕಾನ್ಪುರದಲ್ಲಿ ಅನಾಥವಾಗಿ ಬಿದ್ದಿದ್ದವು. ಯಾರೂ ಮತ್ತೆ ಹಾರಿಸದಂತೆ ಅವನ್ನು ಕೆಡಿಸಿಯೇ ಬಿಟ್ಟುಹೋಗಲಾಗಿತ್ತು. 1940ರಲ್ಲಿ ಮೈಸೂರು ಸರ್ಕಾರದ ನೆರವಿನೊಂದಿಗೆ ಹುಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅವನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಬೆಂಗಳೂರಿಗೆ ತಂದು, ಪೂರ್ತಿ ದುರಸ್ತಿ ಮಾಡಿ ವಾಯುಪಡೆಗೆ ಒಪ್ಪಿಸಿದರು. ಆ ವಿಮಾನದ ನಾಲ್ಕು ಎಂಜಿನ್‌ಗಳಿಗೂ ಒಂದೊಂದು ಟರ್ಬೋ. 1968ರವರೆಗೂ ಅವು ಸೇವೆಯಲ್ಲಿದ್ದವು. ನಮ್ಮ ಊರಿನ ಕಾರುಗಳು ಟರ್ಬೋ ಕಾಣುವ ಎಷ್ಟೋ ಮೊದಲೇ ಊರಿನ ಕೆಲಸಗಾರರ ಕೈಗಳು ಅದನ್ನು ಬಿಚ್ಚಿ ಜೋಡಿಸಿದ್ದವು.

ರೈಲು ಪ್ರಯಾಣಿಕರಿಗೂ ಟರ್ಬೋ ಹೊಸದಲ್ಲ. ಮೈಸೂರು ಮಾರ್ಗಕ್ಕೆ ವಿದ್ಯುತ್ ತಂತಿ ಬರುವ ಮುನ್ನ ಕೆಂಗೇರಿ ನಿಲ್ದಾಣದಿಂದ ಹೊರಡುವ ಆಲ್ಕೊ ಡೀಸೆಲ್ ಎಂಜಿನ್ ಒಮ್ಮೆಲೇ ಕಪ್ಪು ಹೊಗೆ ಕಾರಿ, ಆಮೇಲೆ ಸಿಳ್ಳೆಯಂಥ ದನಿ ಏರಿಸುತ್ತಿದ್ದುದು ನೆನಪಿರಬಹುದು. ಆ ಸಿಳ್ಳೆ ಟರ್ಬೋದ್ದು. ಕಪ್ಪು ಹೊಗೆಗೆ ಕಾರಣ, ಡೀಸೆಲ್ ಬಂದಷ್ಟು ಬೇಗ ಗಾಳಿ ಬಾರದಿರುವುದು. ಚಕ್ರ ವೇಗ ಪಡೆಯಲು ಒಂದಿಷ್ಟು ಹೊತ್ತು ಬೇಕು. ಕಾರುಗಳಲ್ಲೂ ಇದೇ ಕಾಟ. ಆಕ್ಸಿಲರೇಟರ್ ತುಳಿದರೆ ಮೊದಲು ಏನೂ ಆಗದು, ಮರುಕ್ಷಣ ಬೆನ್ನಿಗೆ ಗುದ್ದಿದಂತೆ ಕಾರು ನುಗ್ಗುತ್ತದೆ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, 1973ರ ಬಿಎಂಡಬ್ಲ್ಯು 2002 ಟರ್ಬೋ ಹೆಚ್ಚು ದಿನ ಬಾಳಲಿಲ್ಲ. ಸ್ವೀಡನ್ನಿನ ಸಾಬ್ ಕಂಪನಿ 1970ರ ದಶಕದ ಕೊನೆಗೆ ಇದನ್ನು ದಿನಬಳಕೆಯ ಕಾರಿಗೆ ಪಳಗಿಸಿತು. 1978ರಲ್ಲಿ ಮರ್ಸಿಡಿಸ್ ತನ್ನ 300 ಎಸ್‌ಡಿ ಡೀಸೆಲ್ ಕಾರಿಗೆ ಟರ್ಬೋ ಹಾಕಿತು.

ಆದರೂ ಅಂದು ಟರ್ಬೋ ಇದ್ದದ್ದು ಇದ್ದ ಎಂಜಿನ್ನಿಗೆ ಇನ್ನಷ್ಟು ಶಕ್ತಿ ಕೂಡಿಸಲು. ಎಂಜಿನ್ನನ್ನೇ ಕುಗ್ಗಿಸಲು ಅಲ್ಲ. ಕುಗ್ಗಿಸುವ ಯೋಚನೆ ಬಲಗೊಂಡದ್ದು ಯುರೋಪಿನ ಕಾನೂನಿನಿಂದ. 2009ರ ಕಾನೂನು, ಮಾರಾಟವಾಗುವ ಹೊಸ ಕಾರುಗಳು ಸರಾಸರಿ ಕಿಲೋಮೀಟರಿಗೆ 130 ಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳಬಾರದೆಂದು 2015ರ ಗಡುವು ಹಾಕಿತು. ಆಮೇಲಿನ ಗುರಿ 95 ಗ್ರಾಂ. ಬಿಎಂಡಬ್ಲ್ಯು ತನ್ನ ಹೆಸರುವಾಸಿ ಆರು ಸಿಲಿಂಡರ್ ಎಂಜಿನ್ನನ್ನು 528ಐ ಕಾರಿನಿಂದ ಕಳಚಿ ನಾಲ್ಕು ಸಿಲಿಂಡರಿನ 2 ಲೀಟರ್ ಟರ್ಬೋ ಇರಿಸಿತು. ವೋಲ್ವೊ ಇನ್ನೂ ಮುಂದೆ ಹೋಯಿತು. ಐದು, ಆರು, ಎಂಟು ಸಿಲಿಂಡರ್ ಯಾವುದೂ ಬೇಡ, ನಾಲ್ಕಕ್ಕಿಂತ ಹೆಚ್ಚು ಮಾಡುವುದೇ ಇಲ್ಲ ಎಂದು ನಿರ್ಧರಿಸಿ 2013ರಲ್ಲಿ ಹೊಸ ಎಂಜಿನ್ ತಂದಿತು. ಅದರ ಎಕ್ಸ್‌ಸಿ90 ಎಂಬ ದೊಡ್ಡ ಕಾರಿನಲ್ಲಿ ಮುಂಚೆ ಯಮಹಾ ತಯಾರಿಸಿಕೊಟ್ಟ 4.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ 315 ಅಶ್ವಶಕ್ತಿ ಕೊಡುತ್ತಿತ್ತು. ಹೊಸದರಲ್ಲಿ 2 ಲೀಟರಿನ ಎಂಜಿನ್ 320 ಕೊಟ್ಟಿತು. ತಡವರಿಸುವ ಕಾಟ ನೀಗಲು ಟರ್ಬೋ ಜೊತೆಗೆ, ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಇನ್ನೊಂದು ತಿದಿಯನ್ನೂ ಅದಕ್ಕೆ ಜೋಡಿಸಿದ್ದರು. ಇದೇ ಎಕ್ಸ್‌ಸಿ90 ಕಾರು 2017ರಿಂದ ಬೆಂಗಳೂರಿನ ಪೂರ್ವಕ್ಕಿರುವ ಹೊಸಕೋಟೆಯಲ್ಲಿ ಜೋಡಣೆಯಾಗತೊಡಗಿತು, ಎರಡು ಲೀಟರಿನ ಡೀಸೆಲ್ ಎಂಜಿನ್ನಿನೊಂದಿಗೆ.

ಪಶ್ಚಿಮಕ್ಕಿರುವ ಬಿಡದಿಯ ಕಥೆ ಇದಕ್ಕಿಂತ ಹಳೆಯದು, ನಮ್ಮವರಿಗೆ ಹೆಚ್ಚು ಪರಿಚಿತ. 2000ದಲ್ಲಿ ಟೊಯೊಟಾ ಕಿರ್ಲೋಸ್ಕರ್ ಅಲ್ಲಿಂದ ಹೊರತಂದ ಕ್ವಾಲಿಸ್ 2446 ಸಿಸಿಯದು. ಟರ್ಬೋ ಇರಲಿಲ್ಲ. ಶಕ್ತಿ 75 ಅಶ್ವಶಕ್ತಿ. 2005ರ ಇನ್ನೋವಾ 2494 ಸಿಸಿ, ಟರ್ಬೋ ಸಹಿತ, 102 ಅಶ್ವಶಕ್ತಿ. 2016ರ ಕ್ರಿಸ್ಟಾದಲ್ಲಿ ಎಂಜಿನ್ 2393 ಸಿಸಿಗೆ ಇಳಿಯಿತು, ಶಕ್ತಿ 150ಕ್ಕೆ ಏರಿತು. ಹದಿನಾರು ವರ್ಷದಲ್ಲಿ ಜಾಗ ಒಂದಿಷ್ಟು ಕುಗ್ಗಿತು, ಶಕ್ತಿ ಇಮ್ಮಡಿಯಾಯಿತು. ಕ್ವಾಲಿಸ್‌ನಲ್ಲಿ ಎಂಟು ಜನ ಕುಳಿತು ಘಾಟಿ ಹತ್ತಿದವರಿಗೂ ಕ್ರಿಸ್ಟಾದಲ್ಲಿ ಹತ್ತಿದವರಿಗೂ ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ಟರ್ಬೋಗೆ ಇನ್ನೊಂದು ಲಾಭವಿದೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಸಾದಾ ಎಂಜಿನ್ ಇಲ್ಲಿಗೆ ಬರುವಷ್ಟರಲ್ಲಿ ಶಕ್ತಿಯ ಸುಮಾರು ಅಷ್ಟೇ ಪಾಲು ಕಳೆದುಕೊಂಡಿರುತ್ತದೆ. ಟರ್ಬೋ ಈ ಕೊರತೆಯನ್ನು ಬಹುತೇಕ ತುಂಬಿಕೊಡುತ್ತದೆ. ಪೈಕ್ಸ್ ಪೀಕ್ ಮೇಲೆ ಮಾಸ್ ಸಾಧಿಸಿದ್ದನ್ನೇ ಇದು ರಾಜಾಜಿನಗರದಲ್ಲೂ ಸದ್ದಿಲ್ಲದೆ ಮಾಡುತ್ತಿದೆ.

ಇನ್ನು ತೆರಿಗೆಯ ಮಾತು. ಎಂಜಿನ್ನಿನ ಅಳತೆ ನೋಡಿ ತೆರಿಗೆ ಹಾಕುವ ಚಾಳಿ ಹಳೆಯದು. ಬ್ರಿಟನ್ನಿನಲ್ಲಿ 1921ರಿಂದ ಸಿಲಿಂಡರಿನ ವ್ಯಾಸ ಅಳೆದು ತೆರಿಗೆ ಹಾಕಿದಾಗ ಅಲ್ಲಿನ ಕಂಪನಿಗಳು ಸಪೂರವಾದ ಉದ್ದ ಸಿಲಿಂಡರುಗಳನ್ನು ಮಾಡಿ ತಪ್ಪಿಸಿಕೊಂಡವು. ನಮ್ಮಲ್ಲಿ 2006ರ ಕೇಂದ್ರ ಬಜೆಟ್ ನಾಲ್ಕು ಮೀಟರ್ ಉದ್ದ, ಪೆಟ್ರೋಲಿಗೆ 1200 ಸಿಸಿ, ಡೀಸೆಲಿಗೆ 1500 ಸಿಸಿ ಎಂಬ ಗೆರೆ ಎಳೆದು, ಅದರೊಳಗಿನ ಕಾರಿಗೆ ಸುಂಕ ಇಳಿಸಿತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬದಲಾದಾಗಲೂ ಗೆರೆ ಅದೇ: ಒಳಗಿದ್ದರೆ ಶೇ 18, ಹೊರಗಿದ್ದರೆ ಶೇ 40. ಗಾಳಿ ತುಂಬುವ ತಿದಿಗೆ ಈ ಗೆರೆ ಲೆಕ್ಕಕ್ಕಿಲ್ಲ. 1200 ಸಿಸಿಯೊಳಗೇ ಟರ್ಬೋ ಸೇರಿಸಿ ದೊಡ್ಡ ಎಂಜಿನ್ನಿನ ಕೆಲಸ ತೆಗೆಯಬಹುದು, ತೆಗೆಯುತ್ತಲೂ ಇದ್ದಾರೆ.

ಈ ಅಳತೆಯ ಪೆಟ್ಟು ಬಿಡದಿಗೂ ಬಿತ್ತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2000 ಸಿಸಿ ಹಾಗೂ ಅದಕ್ಕೂ ಮೇಲಿನ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಇನ್ನೋವಾ, ಫಾರ್ಚೂನರ್ ಎರಡೂ ಆ ಗೆರೆಯಾಚೆಗಿನವು. ಮಹೀಂದ್ರ ಕಂಪನಿ 1.99 ಲೀಟರಿನ ಎಂಜಿನ್ ಮಾಡಿ ಗೆರೆಯೊಳಗೆ ನುಸುಳಿತು. ಟೊಯೊಟಾ ಇನ್ನೋವಾಗೆ ಪೆಟ್ರೋಲ್ ಎಂಜಿನ್ ತಂದಿತು. 2016ರ ಆಗಸ್ಟಿನಲ್ಲಿ ಶೇ 1ರ ಪರಿಸರ ಶುಲ್ಕ ವಿಧಿಸಿ ನಿಷೇಧ ತೆರವಾಯಿತು. ದೆಹಲಿಯ ಗಾಳಿ ಯಾರಿಂದ ಕೆಟ್ಟಿತು ಎಂಬುದಕ್ಕೆ ಸಿಸಿ ಸರಿಯಾದ ಅಳತೆಗೋಲೇ? 1999 ಸಿಸಿಯ ಹೊಗೆ ಕುಡಿಯಬಹುದು, 2000 ಸಿಸಿಯದು ಕುಡಿಯಬಾರದು ಎನ್ನುವುದು ತರ್ಕಕ್ಕೆ ನಿಲ್ಲುವ ಮಾತಲ್ಲ.

ಕೊಳ್ಳುವವನಿಗೆ ಇದರಿಂದ ಏನು ಸಿಕ್ಕಿತು? ಯುರೋಪಿನ ಹಳೆಯ ಮೈಲೇಜ್ ಪರೀಕ್ಷೆಯಲ್ಲಿ ಕಾರನ್ನು ರೋಲರುಗಳ ಮೇಲೆ ನಿಧಾನವಾಗಿ ಓಡಿಸುತ್ತಿದ್ದರು. ಟರ್ಬೋ ಶ್ರಮಪಡುವ ಪ್ರಸಂಗವೇ ಅಷ್ಟಾಗಿ ಬರುತ್ತಿರಲಿಲ್ಲ. ಹೀಗಾಗಿ ಸಣ್ಣ ಎಂಜಿನ್‌ಗಳು ಒಳ್ಳೆಯ ಅಂಕ ಗಿಟ್ಟಿಸಿದವು. ರಸ್ತೆಯಲ್ಲಿ ಜೋರಾಗಿ ತುಳಿದರೆ, ಒಳಗೆ ಹೋದ ಹೆಚ್ಚು ಗಾಳಿಗೆ ತಕ್ಕಂತೆ ಹೆಚ್ಚು ಪೆಟ್ರೋಲೂ ಹೋಗಲೇಬೇಕು. 2017ರಲ್ಲಿ ಯುರೋಪ್ ಪರೀಕ್ಷೆಯನ್ನು ಬಿಗಿ ಮಾಡಿತು. ಸಮಾಧಾನವಾಗಿ ಓಡಿಸುವವರಿಗೆ ಉಳಿತಾಯ ನಿಜ. ವಿಜಯನಗರದ ಸಿಗ್ನಲ್‌ನಿಂದ ಸಿಗ್ನಲ್‌ಗೆ ನುಗ್ಗಿ ನಿಲ್ಲಿಸುವವರಿಗೆ ಅಷ್ಟಿಲ್ಲ. ಟರ್ಬೋ ಕೆಟ್ಟರೆ ಖರ್ಚೂ ಸಣ್ಣದಲ್ಲ.

ಸಿ63ರ ನಾಲ್ಕು ಸಿಲಿಂಡರನ್ನು ಹಳೆಯ ಅಭಿಮಾನಿಗಳಲ್ಲಿ ಹಲವರು ಒಪ್ಪಲೇ ಇಲ್ಲ. ವಿದ್ಯುತ್ ಮೋಟಾರೂ ಸೇರಿ ಅದರ ಶಕ್ತಿ ಹಿಂದಿನದಕ್ಕಿಂತ ಹೆಚ್ಚಾಗಿತ್ತು. ಆದರೆ ಎಂಟು ಸಿಲಿಂಡರಿನ ಆ ಗುಡುಗು ಇರಲಿಲ್ಲ. ಕೋಟಿ ಕೊಡುವವರು ಶಕ್ತಿಯೊಂದಕ್ಕೇ ಕೊಡುವುದಿಲ್ಲವಷ್ಟೆ.

ಬಿಡದಿಯಲ್ಲಿ ಈಗ ಗಾಳಿ ಬೇರೆ ಕಡೆಗೆ ಬೀಸಿದೆ. 2022ರ ಇನ್ನೋವಾ ಹೈಕ್ರಾಸ್‌ನಲ್ಲಿ ಇರುವುದು 2 ಲೀಟರಿನ ಪೆಟ್ರೋಲ್ ಎಂಜಿನ್, ಟರ್ಬೋ ಇಲ್ಲ. ಅದರ ಹೈಬ್ರಿಡ್ ಮಾದರಿಯಲ್ಲಿ ತಿದಿಯ ಬದಲು ಬ್ಯಾಟರಿ, ಮೋಟಾರು ಹೆಗಲು ಕೊಡುತ್ತವೆ. ಹೊಸಕೋಟೆಯಲ್ಲಿ ವೋಲ್ವೊ 2022ರಲ್ಲೇ ಪೂರ್ಣ ವಿದ್ಯುತ್ ಕಾರಿನ ಜೋಡಣೆ ಆರಂಭಿಸಿತು. ಅದಕ್ಕೆ ಸಿಲಿಂಡರೇ ಇಲ್ಲ, ಇನ್ನು ಸಿಸಿ ಎಲ್ಲಿಂದ? ಕರ್ನಾಟಕ ಸರ್ಕಾರವಂತೂ ಕಾರುಗಳ ಆಜೀವ ತೆರಿಗೆಗೆ ಬೆಲೆಯನ್ನೇ ಆಧಾರ ಮಾಡಿಕೊಂಡಿದೆ. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೂ ಅದು ಶೇ 10ರ ತೆರಿಗೆ ಹಾಕಿತು.