ಶ್ರೀಗಂಧದೆಣ್ಣೆಯೂ ಆದೇಶಗಣದ ವಿಚಾರವೂ

ತುಮಕೂರು ಸೀಮೆಯ ದೇವರಾಯನದುರ್ಗದ ಕಾಡುಗಳಲ್ಲಿಯೂ ಬೆಳೆಯುವ ಶ್ರೀಗಂಧವು ಮೈಸೂರು ಸಂಸ್ಥಾನದಲ್ಲಿ ರಾಜವೃಕ್ಷವೆನಿಸಿತ್ತು. 1914ರಲ್ಲಿ ಯುದ್ಧವು ಮೊದಲಾಗಿ ಜರ್ಮನಿಗೆ ಮರವನ್ನು ಕಳುಹಿಸುವುದು ನಿಂತುಹೋಗಲು, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಯತ್ನವು ನಡೆದು, 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ಸ್ಥಾಪಿತವಾದುವು. ಈ ವೃತ್ತಾಂತದಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಮತ್ತು ಆಲ್ಫ್ರೆಡ್ ಚಾಟರ್ಟನ್ನರ ಹೆಸರುಗಳು ಸರ್ವವಿದಿತವಾಗಿವೆ. 1911ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನಮಂದಿರಕ್ಕೆ ಬಂದು, ವಾಟ್ಸನ್ನರೊಡನೆ ಎಣ್ಣೆಯ ಬಟ್ಟಿಯಿಳಿಸುವಿಕೆಯನ್ನು ಶೋಧಿಸಿದ ಆಚಾರ್ಯ ಜಾನ್ ಜೋಸೆಫ್ ಸಡ್‌ಬರೋ ಅವರನ್ನು ಸ್ಮರಿಸುವವರು ವಿರಳ.

ಸಡ್‌ಬರೋ ಅವರು 1894ರಲ್ಲಿ ಹೈಡೆಲ್‌ಬರ್ಗಿನಲ್ಲಿ ವಿಕ್ಟರ್ ಮೇಯರರ ಸಹಕಾರಿಗಳಾಗಿದ್ದರು. ನಮ್ಮ ವ್ಯಾಕರಣದಲ್ಲಿ 'ಮಳೆಕಾಲ'ವು 'ಮಳೆಗಾಲ'ವಾಗುವಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬರುವಂತೆ, ರಸಾಯನದಲ್ಲಿಯೂ ಒಂದು ಜಲಜನಕದ ಸ್ಥಾನದಲ್ಲಿ ಬೇರೊಂದು ಪರಮಾಣುಸಮೂಹವು ಬಂದು ನಿಲ್ಲುವುದುಂಟು. ಇದನ್ನು ಆದೇಶಗಣವೆನ್ನೋಣ. ವ್ಯಾಕರಣದ ಆದೇಶವು ಪದದ ಅರ್ಥವನ್ನು ಕೆಡಿಸದು. ರಸಾಯನದ ಆದೇಶವಾದರೋ ನೆರೆಯವರ ನಡತೆಯನ್ನೇ ಬದಲಿಸುವುದು. ಬೆಂಜೋಯಿಕ್ ಆಮ್ಲದಲ್ಲಿ ಆಮ್ಲಗಣದ ಎರಡೂ ಮಗ್ಗುಲುಗಳಲ್ಲಿ ಇಂತಹ ಗಣಗಳು ನಿಂತರೆ, ಮದ್ಯಸಾರದೊಡನೆ ಕೂಡಿ ಎಸ್ಟರ್ ಆಗುವ ಕ್ರಿಯೆಯು ಸಾಮಾನ್ಯ ವಿಧಾನದಲ್ಲಿ ಬಹುಮಟ್ಟಿಗೆ ನಿಂತೇ ಹೋಗುವುದೆಂದು ಅವರು ಕಂಡರು.

ಇದು ಆಮ್ಲದ ಬಲಾಬಲದಿಂದ ಆದುದೇ? ಅಲ್ಲ. 1899ರಲ್ಲಿ ಸಡ್‌ಬರೋ ಮತ್ತು ಲಾಯ್ಡ್ ಅವರು ಕ್ರಿಯಾವೇಗಗಳನ್ನು ಅಳೆದು, ಬಲವಾದ ಆಮ್ಲವೇ ವೇಗವಾಗಿ ಕೂಡುವುದೆಂಬ ನಿಯಮವಿಲ್ಲವೆಂದು ತೋರಿಸಿದರು. 1938ರಲ್ಲಿ ರಾಬರ್ಟ್ಸ್ ಮತ್ತು ಯೂರಿ ಅವರು ಭಾರವಾದ ಆಮ್ಲಜನಕದ ಗುರುತಿನಿಂದ, ಬೆಂಜೋಯಿಕ್ ಆಮ್ಲವು ಎಸ್ಟರ್ ಆಗುವಾಗ ಮುರಿಯುವುದು ಆಮ್ಲದ ಇಂಗಾಲ–ಆಮ್ಲಜನಕ ಬಂಧವೆಂದು ಸಿದ್ಧಪಡಿಸಿದರು. ಆದುದರಿಂದ ಮದ್ಯಸಾರವು ಆ ಇಂಗಾಲವನ್ನು ಮುಟ್ಟಲೇಬೇಕು. ಇಕ್ಕೆಲದ ಗಣಗಳು ದ್ವಾರಪಾಲಕರಂತೆ ದಾರಿಯನ್ನು ತಡೆಯುತ್ತವೆ. ಬಂಧದ ಬಲವೊಂದೇ ನಿರ್ಣಾಯಕವಲ್ಲ, ಪ್ರವೇಶವೂ ಬೇಕು. ಗಣಗಳು ದೂರದಲ್ಲಿ ನಿಂತಾಗ ಮಾತು ಬೇರೆ: ಅವು ಎಲೆಕ್ಟ್ರಾನುಗಳನ್ನು ಸೆಳೆಯುವುದರಿಂದಲೋ ನೂಕುವುದರಿಂದಲೋ ವೇಗವನ್ನು ಹೆಚ್ಚುಕಡಿಮೆ ಮಾಡುತ್ತವೆ. ಇದನ್ನು 1937ರಲ್ಲಿ ಹ್ಯಾಮೆಟ್ಟರು ಸಮೀಕರಣಕ್ಕೆ ತಂದರು. ಮಗ್ಗುಲ ಗಣಗಳು ಮಾತ್ರ ಆ ಸೂತ್ರಕ್ಕೆ ಒಗ್ಗಲಿಲ್ಲ.

ಗಂಧದೆಣ್ಣೆಯ ಸಾರವಾದ ಸ್ಯಾಂಟಲಾಲ್ ಕೂಡ ಒಂದು ಮದ್ಯಸಾರವೇ. ಅದರ ಕ್ರಿಯಾಶೀಲ ಗಣವು ಸರಪಣಿಯ ತುದಿಯ ಇಂಗಾಲದಲ್ಲಿರುವುದರಿಂದ ಅಸಿಟಿಕ್ ಅನ್‌ಹೈಡ್ರೈಡಿನೊಡನೆ ಸುಲಭವಾಗಿ ಕೂಡುತ್ತದೆ. ಎಣ್ಣೆಯಲ್ಲಿ ಶೇಕಡ 90ಕ್ಕೆ ಕಡಮೆಯಿಲ್ಲದೆ ಸ್ಯಾಂಟಲಾಲ್ ಇರಬೇಕೆಂಬ ಪ್ರಸಿದ್ಧ ಪ್ರಮಾಣವನ್ನು ಪರೀಕ್ಷಿಸಿದುದು ಈ ಸಂಯೋಗದಿಂದಲೇ. ಲಿನಲೂಲಿನಂತೆ ಆ ಗಣವು ಮೂರು ಇಂಗಾಲಗಳ ನಡುವೆ ಇಕ್ಕಟ್ಟಿನಲ್ಲಿದ್ದಿದ್ದರೆ ಈ ಸಾಮಾನ್ಯ ಪರೀಕ್ಷೆಯನ್ನು ನಂಬಲಾಗುತ್ತಿರಲಿಲ್ಲ.

ಹೈಡೆಲ್‌ಬರ್ಗಿನ ನಿಯಮದಿಂದಲೇ ಬೆಂಗಳೂರಿನ ಕಾರ್ಖಾನೆಯು ಹುಟ್ಟಿತೆಂದು ಹೇಳಿದರೆ ಅತ್ಯುಕ್ತಿಯಾದೀತು. ಆದರೆ ಎರಡರಲ್ಲಿಯೂ ದುಡಿದ ಕೈ ಒಂದೇ. ಯುದ್ಧವು ಅವಕಾಶವನ್ನು ಕೊಟ್ಟಿತು, ಸರ್ಕಾರವು ಹಣವನ್ನು ಕೊಟ್ಟಿತು. ಎಣ್ಣೆಯನ್ನು ಅರಿತು ಅಳೆಯಬಲ್ಲ ವಿದ್ಯೆಯು ಅದಕ್ಕೆ ಮೊದಲೇ ನಾಡಿನಲ್ಲಿ ನೆಲೆಗೊಂಡಿತ್ತು. ನಮ್ಮ ಕೈಗಾರಿಕೆಯ ಚರಿತ್ರೆಯನ್ನು ಬರೆಯುವವರು ಈ ಮೂರನೆಯದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.