ನಗಿರೆಯ ಪತನ ಮತ್ತು ಸೋತವರ ಕಥನ: ಅಜ್‌ಟೆಕ್ ಅನುಭವದ ಬೆಳಕಿನಲ್ಲಿ ಒಂದು ಅವಲೋಕನ

ಶರಾವತಿ ನದಿಯು ಕಡಲನ್ನು ಸೇರುವ ಹೊನ್ನಾವರದಿಂದ ದಕ್ಷಿಣಕ್ಕೆ, ಭಟ್ಕಳದ ದಾರಿಯಿಂದ ತುಸು ಒಳಗೆ ಇಡಗುಂಜಿ ಕ್ಷೇತ್ರವಿದೆ. ದ್ವಿಭುಜ ಮಹಾಗಣಪತಿಯ ಸನ್ನಿಧಿಯೆಂದು ಇಂದು ನಾಡಿನಾದ್ಯಂತ ಪರಿಚಿತವಾಗಿರುವ ಈ ನೆಲವು ಹದಿನಾರನೆಯ ಶತಮಾನದಲ್ಲಿ ಎರಡು ದೊಡ್ಡ ಬಂದರುಗಳ ನಡುವಣ ಪ್ರದೇಶವಾಗಿತ್ತು. ಉತ್ತರದಲ್ಲಿ ಹೊನ್ನಾವರ, ದಕ್ಷಿಣದಲ್ಲಿ ಭಟ್ಕಳ, ಶರಾವತಿಯ ಮೇಲ್ದಂಡೆಯಲ್ಲಿ ರಾಜಧಾನಿ ಗೇರುಸೊಪ್ಪೆ. ವಿಜಯನಗರದ ಸಾಮಂತರಾಗಿ ಆಳಿದ ಜೈನಮತೀಯ ಸಾಳುವ ಅರಸರ ಈ ರಾಜ್ಯವನ್ನು ನಗಿರೆ ರಾಜ್ಯವೆಂದು ಕರೆಯಲಾಗಿದೆ. ಇದೇ ಶತಮಾನದಲ್ಲಿ, ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಸ್ಪೇನಿನವರ ಆಕ್ರಮಣದಿಂದ ಅಜ್‌ಟೆಕ್ ಜನರ ಪ್ರಭುತ್ವವು ಕುಸಿಯಿತು. ಈ ಎರಡು ಪತನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸೋಲು ಹೇಗೆ ಸಂಭವಿಸಿತು ಎಂಬುದರ ಜೊತೆಗೆ, ಸೋಲಿನ ಕಥೆಯನ್ನು ಯಾರು ಹೇಳಿದರು ಎಂಬ ಪ್ರಶ್ನೆಯೂ ಎದುರಾಗುತ್ತದೆ. ಪ್ರಸ್ತುತ ಲೇಖನದ ಆಸಕ್ತಿ ಮುಖ್ಯವಾಗಿ ಈ ಎರಡನೆಯ ಪ್ರಶ್ನೆಯಲ್ಲಿದೆ.

ಎರಡು ಆಕ್ರಮಣಗಳು

ಎರ್ನಾನ್ ಕೋರ್ತೆಸನು 1519ರಲ್ಲಿ ಮೆಕ್ಸಿಕೋದ ಕರಾವಳಿಗೆ ಬಂದಿಳಿದನು. ಅದೇ ವರ್ಷದ ನವೆಂಬರಿನಲ್ಲಿ ಸರೋವರದ ನಡುವಿನ ರಾಜಧಾನಿ ತೆನೋಚ್‌ತಿತ್ಲಾನನ್ನು ಪ್ರವೇಶಿಸಿದನು. 1520ರಲ್ಲಿ ಅಲ್ಲಿಂದ ಹೊರದೂಡಲ್ಪಟ್ಟರೂ ಮರಳಿ ಬಂದು ಮುತ್ತಿಗೆ ಹಾಕಿ, 1521ರ ಆಗಸ್ಟ್ 13ರಂದು ನಗರವನ್ನು ವಶಪಡಿಸಿಕೊಂಡನು. ಎರಡೂವರೆ ವರ್ಷಗಳೊಳಗೆ ಒಂದು ಪ್ರಭುತ್ವವೇ ಮುಗಿದುಹೋಯಿತು.

ಪಶ್ಚಿಮ ಕರಾವಳಿಯಲ್ಲಿ ಪೋರ್ಚುಗೀಸರ ಒತ್ತಡವು ಇಷ್ಟು ಕ್ಷಿಪ್ರವಾಗಿರಲಿಲ್ಲ. 1502ರಲ್ಲಿ ವಾಸ್ಕೋ ಡ ಗಾಮನು ಭಟ್ಕಳದ ಮೇಲೆ ಅಕ್ಕಿಯ ಕಪ್ಪವನ್ನು ಹೇರಿದನು. 1505ರಲ್ಲಿ ಅಲ್ಮೇಡನು ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟನು. 1542ರಲ್ಲಿ ಮಾರ್ಟಿಂ ಅಫೊನ್ಸೊ ಡಿ ಸೋಜನು ಭಟ್ಕಳವನ್ನು ಸೂರೆ ಮಾಡಿ ಸುಟ್ಟನು. 1565ರ ರಕ್ಕಸ-ತಂಗಡಿ ಯುದ್ಧದಲ್ಲಿ ವಿಜಯನಗರವು ಸೋತ ಬಳಿಕ ಈ ಸಾಮಂತ ರಾಜ್ಯಕ್ಕೆ ಬೆಂಬಲ ಇಲ್ಲದಾಯಿತು. ನಾಲ್ಕು ವರ್ಷಗಳ ತರುವಾಯ, 1569ರಲ್ಲಿ, ಪೋರ್ಚುಗೀಸರು ಹೊನ್ನಾವರವನ್ನು ಹಿಡಿದು ಅಲ್ಲಿ ತಮ್ಮ ಕೋಟೆಯನ್ನು ನೆಲೆಗೊಳಿಸಿದರು. ಆಗ ಆಳುತ್ತಿದ್ದವಳು ಮಹಾಮಂಡಲೇಶ್ವರಿ ಚೆನ್ನಭೈರಾದೇವಿ. ಆಕೆ ಸುಮ್ಮನಿರಲಿಲ್ಲ. 1570-71ರಲ್ಲಿ ಬಿಜಾಪುರವು ಗೋವೆಯನ್ನೂ ಅಹಮದ್‌ನಗರವು ಚೌಲನ್ನೂ ಮುತ್ತಿದ ಸಂದರ್ಭದಲ್ಲಿಯೇ ಆಕೆಯ ಸೇನೆಯು ಹೊನ್ನಾವರದ ಕೋಟೆಯನ್ನು ಮುತ್ತಿತು. ಕೋಟೆ ಕೈವಶವಾಗಲಿಲ್ಲ. ಆದರೆ ರಾಣಿಯ ಆಳ್ವಿಕೆಯು ಆ ನಂತರವೂ ಮೂರು ದಶಕಗಳಿಗೂ ಮಿಕ್ಕಿ ಮುಂದುವರಿಯಿತು.

ಈ ವ್ಯತ್ಯಾಸಕ್ಕೆ ಕಾರಣಗಳಿವೆ. ಮೆಕ್ಸಿಕೋದಲ್ಲಿ ಸಿಡುಬು ಹೊಸ ರೋಗವಾಗಿತ್ತು. 1520ರಲ್ಲಿ ಅದು ಮುತ್ತಿಗೆಗೆ ಮುನ್ನವೇ ನಗರದ ಬಲವನ್ನು ಕುಗ್ಗಿಸಿತು. ಕನ್ನಡ ಕರಾವಳಿಯ ಜನರಿಗೆ ಸಿಡುಬು ಹೊಸದಲ್ಲ; ಕುದುರೆ, ಕಬ್ಬಿಣ, ಮದ್ದುಗುಂಡುಗಳೂ ಹೊಸವಲ್ಲ. ಅಲ್ಲದೆ ಪೋರ್ಚುಗೀಸರಿಗೆ ಬೇಕಾಗಿದ್ದುದು ಘಟ್ಟದ ಮೆಣಸು ಮತ್ತು ಕಡಲದಾರಿಯ ಹತೋಟಿಯೇ ಹೊರತು ಒಳನಾಡಿನ ಆಳ್ವಿಕೆಯಲ್ಲ. ಹೀಗಾಗಿ ಇಲ್ಲಿ ಅಳಿದದ್ದು ಒಂದು ರಾಜ್ಯವೇ ಹೊರತು ಒಂದು ಜನಾಂಗವಲ್ಲ. ಎರಡೂ ಪತನಗಳನ್ನು ಸಮೀಕರಿಸುವುದು ಆದ್ದರಿಂದ ಸರಿಯಾಗದು.

ನೆರೆಯವರ ಪಾತ್ರ

ಆದರೂ ಒಂದು ಅಂಶದಲ್ಲಿ ಸಾಮ್ಯವಿದೆ. ಕೋರ್ತೆಸನ ಕೆಲವೇ ನೂರು ಸೈನಿಕರು ತೆನೋಚ್‌ತಿತ್ಲಾನನ್ನು ಗೆದ್ದರೆಂಬ ಮಾತು ಅರ್ಧಸತ್ಯ. ಅಜ್‌ಟೆಕರ ಬದ್ಧವೈರಿಗಳಾದ ತ್ಲಾಸ್ಕಲದವರೂ ಕಪ್ಪದ ಹೊರೆಯಿಂದ ಬೇಸತ್ತ ಇತರ ನಗರಗಳವರೂ ಸಹಸ್ರಾರು ಸಂಖ್ಯೆಯಲ್ಲಿ ಅವನ ಜೊತೆಗೂಡಿದ್ದರು. ಇಲ್ಲಿಯೂ 1510ರಲ್ಲಿ ಗೋವೆಯನ್ನು ಹಿಡಿಯುವಂತೆ ಅಲ್ಬುಕರ್ಕನನ್ನು ಪ್ರೇರೇಪಿಸಿ ನೆರವಾದವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ಈತ ತಿಮೋಜ. ಬಿಜಾಪುರದ ವಿರುದ್ಧ ಪರಕೀಯನನ್ನು ಬಳಸಿಕೊಳ್ಳುವುದು ಅವನ ಲೆಕ್ಕಾಚಾರವಾಗಿತ್ತು. ಆ ಪರಕೀಯರೇ ಆರು ದಶಕಗಳೊಳಗೆ ಅವನ ಊರಿನಲ್ಲಿ ಕೋಟೆ ಹೂಡಿದರು.

ನಗಿರೆಗೆ ಕೊನೆಯ ಪೆಟ್ಟು ಬಿದ್ದದ್ದು ಮಾತ್ರ ಕಡಲ ಕಡೆಯಿಂದಲ್ಲ. 1606ರ ಸುಮಾರಿಗೆ ಕೆಳದಿಯ ಹಿರಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದನು. ಸೆರೆಯಾದ ರಾಣಿಯು ಬಂಧನದಲ್ಲಿಯೇ ತೀರಿಕೊಂಡಳು. ಪೋರ್ಚುಗೀಸರನ್ನು ಹೊನ್ನಾವರದ ಕೋಟೆಯಿಂದ ಹೊರಹಾಕಿದ ಶ್ರೇಯಸ್ಸೂ ಕೆಳದಿಗೇ ಸಲ್ಲುತ್ತದೆ. 1654ರಲ್ಲಿ ಶಿವಪ್ಪ ನಾಯಕನು ಅದನ್ನು ವಶಪಡಿಸಿಕೊಂಡನು. ಗೇರುಸೊಪ್ಪೆಯ ಪತನವನ್ನು ಕೇವಲ ಪರಕೀಯರ ದೌರ್ಜನ್ಯವೆಂದಾಗಲೀ ಕೇವಲ ನೆರೆಯವರ ವೈರವೆಂದಾಗಲೀ ಹೇಳಿದರೆ ಇತಿಹಾಸದ ಒಂದು ಮುಖ ಮರೆಯಾಗುತ್ತದೆ. ಬಂದರಿನ ಆದಾಯವನ್ನು ಒಬ್ಬರು ಕಸಿದುಕೊಂಡುದರಿಂದಲೇ ರಾಜಧಾನಿಯನ್ನು ಮತ್ತೊಬ್ಬರು ಕೆಡವುವುದು ಸುಲಭವಾಗಿರಬೇಕೆಂದು ಊಹಿಸಲು ಅವಕಾಶವಿದೆ.

ಸೋಲಿನ ನಂತರ ಹುಟ್ಟಿದ ಕಥೆಗಳು

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯು ಹೊನ್ನಾವರದಿಂದ ಶರಾವತಿಯ ಮಾರ್ಗವಾಗಿ ಇಕ್ಕೇರಿಗೆ ಹೋದನು. ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಪಾಳುಬಿದ್ದ ನಗರವನ್ನು. ಆ ಪತನಕ್ಕೆ ಅವನು ದಾಖಲಿಸಿದ ಕಾರಣವು ಕುತೂಹಲಕರವಾಗಿದೆ: ಕೊನೆಯ ರಾಣಿಯು ತನಗೆ ತಕ್ಕವನಲ್ಲದ ಪರನಾಡಿನ ಪುರುಷನಲ್ಲಿ ಅನುರಕ್ತಳಾಗಿ ಅಧಿಕಾರವನ್ನು ಅವನ ಕೈಗಿತ್ತಳು, ಅವನು ದ್ರೋಹ ಬಗೆದನು ಎಂಬುದು ಅದರ ಸಾರ. ನಗರ ಬಿದ್ದು ಎರಡು ದಶಕಗಳೂ ಕಳೆಯುವ ಮುನ್ನವೇ ಅರ್ಧ ಶತಮಾನ ಆಳಿದವಳ ರಾಜಕಾರಣವು ಒಂದು ಪ್ರಣಯ ಪ್ರಸಂಗವಾಗಿ ಮಾರ್ಪಟ್ಟಿತ್ತು.

ಮೆಕ್ಸಿಕೋದಲ್ಲಿಯೂ ಇದಕ್ಕೆ ಹೋಲುವ ಕಥೆಯಿದೆ. ಅರಸ ಮೊಕ್ತೆಸುಮನು ಕೋರ್ತೆಸನನ್ನು ಮರಳಿ ಬಂದ ಕೆತ್ಸಲ್‌ಕೋವಾತ್ಲ್ ದೇವರೆಂದು ಭ್ರಮಿಸಿ ಕೈಚೆಲ್ಲಿದನೆಂಬುದು ಆ ಕಥೆ. ಇದು ಸೋಲಿನ ಅನಂತರ ರೂಪುಗೊಂಡ ಕಥನವೆಂದು ಇತ್ತೀಚಿನ ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅಲ್ಲಿ ಅರಸನ ಮೌಢ್ಯ, ಇಲ್ಲಿ ಅರಸಿಯ ಮೋಹ. ಎರಡೂ ಕಥೆಗಳು ಪತನದ ಹೊಣೆಯನ್ನು ಸೋತ ಒಬ್ಬ ವ್ಯಕ್ತಿಯ ದೌರ್ಬಲ್ಯದ ಮೇಲೆ ಹೊರಿಸಿ, ಕಪ್ಪ, ವ್ಯಾಪಾರ ಮತ್ತು ಮೈತ್ರಿಗಳ ಸಂಗತಿಯನ್ನು ಹಿನ್ನೆಲೆಗೆ ಸರಿಸುತ್ತವೆ.

ಆದರೆ ಮೆಕ್ಸಿಕೋದಲ್ಲಿ ಇನ್ನೊಂದು ಧ್ವನಿಯೂ ಉಳಿದಿದೆ. ಬೆರ್ನಾರ್ದಿನೊ ದೆ ಸಹಗೂನ್ ಎಂಬ ಕ್ರೈಸ್ತ ಸನ್ಯಾಸಿಯು ಸ್ಥಳೀಯ ಹಿರಿಯರ ಹಾಗೂ ವಿದ್ಯಾರ್ಥಿಗಳ ನೆರವಿನಿಂದ ಅವರದೇ ನಾವಾತ್ಲ್ ಭಾಷೆಯಲ್ಲಿ ಬರೆಸಿದ ಹನ್ನೆರಡು ಸಂಪುಟಗಳ ಕೊನೆಯದು ಆಕ್ರಮಣದ ವೃತ್ತಾಂತವಾಗಿದೆ. ಚೆನ್ನಭೈರಾದೇವಿಯ ಪ್ರಜೆಗಳನ್ನು ಹೀಗೆ ಕೂರಿಸಿ ಕೇಳಿದವರಿಲ್ಲ. ಶಾಸನಗಳು ದಾನಧರ್ಮಗಳನ್ನು ಹೇಳುತ್ತವೆಯೇ ಹೊರತು ಸೋಲನ್ನು ಹೇಳುವುದಿಲ್ಲ. ಇಂದು ಅಭಿಮಾನದಿಂದ ಬಳಸಲಾಗುವ ‘ಕರಿಮೆಣಸಿನ ರಾಣಿ’ ಎಂಬ ಬಿರುದೂ ಆಕೆಯ ಮೆಣಸಿಗಾಗಿ ಹಾತೊರೆದ ಪೋರ್ಚುಗೀಸರು ಇಟ್ಟದ್ದೆಂಬುದು ಗಮನಾರ್ಹ.

ಜನಪದದಲ್ಲಿ ಉಳಿದದ್ದು

ಹೀಗಿರುವಾಗ ಸ್ಥಳೀಯ ಸಾಕ್ಷ್ಯವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಇಡಗುಂಜಿಯ ಸ್ಥಳಪುರಾಣವು ದ್ವಾಪರದ ಅಂತ್ಯದಲ್ಲಿ, ಕಲಿಯ ಬಾಧೆಗೆ ಅಂಜಿದ ಋಷಿಗಳು ಕುಂಜವನದಲ್ಲಿ ವಿಘ್ನನಿವಾರಕನನ್ನು ಆವಾಹಿಸಿದ್ದನ್ನು ಹೇಳುತ್ತದೆ. ಅದರಲ್ಲಿ ಬಂದರು, ಕೋಟೆ, ರಾಣಿ ಯಾವುದೂ ಇಲ್ಲ. ಅಲ್ಲಿ ಕಾಲವು ಯುಗಗಳ ಲೆಕ್ಕದ್ದೇ ಹೊರತು ಅರಸುಮನೆತನಗಳ ಲೆಕ್ಕದ್ದಲ್ಲ. ಇದೇ ದೇವರ ಹೆಸರಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಪ್ರಸಿದ್ಧವಾಗಿದೆ. ಯಕ್ಷಗಾನದ ಸಾಂಪ್ರದಾಯಿಕ ಪ್ರಸಂಗಗಳು ಬಹುಮಟ್ಟಿಗೆ ರಾಮಾಯಣ, ಮಹಾಭಾರತ ಮತ್ತು ಭಾಗವತಗಳಿಂದ ಬಂದವು. ಮೆಕ್ಸಿಕೋದ ಹಳ್ಳಿಗಳಲ್ಲಿ ಕೋರ್ತೆಸ್, ಮೊಕ್ತೆಸುಮ, ಮಲಿಂಚೆಯರ ವೇಷ ಧರಿಸಿ ಆಕ್ರಮಣವನ್ನೇ ಕುಣಿದು ತೋರಿಸುವ ಕುಣಿತಗಳು ಹಬ್ಬಗಳಲ್ಲಿ ನಡೆಯುತ್ತವೆ. ಗೆದ್ದವರು ಅಲ್ಲಿಯೇ ನೆಲೆಸಿ ಆಳಿದ್ದರಿಂದ ಆ ನೆನಪು ನಿತ್ಯದ ವಾಸ್ತವವಾಗಿತ್ತು. ಇಲ್ಲಿ ಪರಕೀಯರ ಕೋಟೆ ಒಂದು ಶತಮಾನದೊಳಗೆ ಕೈತಪ್ಪಿತು, ರಾಜ್ಯವು ಕೆಳದಿಯಲ್ಲಿ ಲೀನವಾಯಿತು. ಸೋಲನ್ನು ರಂಗಸ್ಥಳಕ್ಕೆ ತರುವ ಒತ್ತಡ ಉಂಟಾಗಲಿಲ್ಲ.

ಆದರೂ ಪದಗಳಲ್ಲಿ ನೆನಪು ಉಳಿದಿದೆ. ಗೇರುಸೊಪ್ಪೆಯ ಅವಶೇಷಗಳಿರುವ ಸ್ಥಳದ ಹೆಸರು ನಗರಬಸ್ತಿಕೇರಿ. ನಗರ, ಬಸ್ತಿ, ಕೇರಿ ಈ ಮೂರರಲ್ಲಿ ಇಂದು ಎದ್ದು ಕಾಣುವುದು ಬಸ್ತಿ ಒಂದೇ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯು ಕಾಡಿನ ನಡುವೆ ನಿಂತಿದೆ. ಇಲ್ಲದ ನಗರವನ್ನೂ ಕೇರಿಯನ್ನೂ ಜನರ ನಾಲಗೆ ಉಳಿಸಿಕೊಂಡಿದೆ.

ಎರಡನೆಯ ಪದ ಮೆಣಸು. ಅಜ್‌ಟೆಕರ ನಾಡಿನಲ್ಲಿ ಬೆಳೆಯುತ್ತಿದ್ದ ಕೆಂಪು ಕಾಯಿಯು ಪೋರ್ಚುಗೀಸರ ಹಡಗುಗಳ ಮೂಲಕ ಈ ಕರಾವಳಿಗೆ ಬಂದು, ಇಲ್ಲಿನ ಹಳೆಯ ಬೆಳೆಯ ಹೆಸರನ್ನೇ ಪಡೆದು ‘ಮೆಣಸಿನಕಾಯಿ’ ಆಯಿತು. ಕ್ರಮೇಣ ಹಳೆಯ ಮೆಣಸಿಗೇ ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಎಂಬ ವಿಶೇಷಣಗಳು ಬೇಕಾದವು. ಸೋತ ಒಂದು ನಾಡಿನ ಬೆಳೆ ಸೋಲುತ್ತಿದ್ದ ಮತ್ತೊಂದು ನಾಡಿನ ಬೆಳೆಯ ಹೆಸರಿನೊಳಗೆ ಸೇರಿಕೊಂಡುದಕ್ಕೆ ಕರಾವಳಿಯ ಪ್ರತಿಯೊಂದು ಅಡುಗೆಮನೆಯೂ ಸಾಕ್ಷಿಯಾಗಿದೆ.

ತೆನೋಚ್‌ತಿತ್ಲಾನಿನ ಮೇಲೆ ಮೆಕ್ಸಿಕೋ ನಗರವನ್ನು ಕಟ್ಟಲಾಯಿತು. 1978ರಲ್ಲಿ ವಿದ್ಯುತ್ ಕಾರ್ಮಿಕರು ನೆಲ ಅಗೆಯುವಾಗ ಅದರ ಮಹಾದೇವಾಲಯದ ಶಿಲ್ಪವೊಂದು ಬೆಳಕಿಗೆ ಬಂದಿತು. ಗೇರುಸೊಪ್ಪೆಯ ಮೇಲೆ ಬೆಳೆದದ್ದು ಕಾಡು. ಅಲ್ಲಿನ ಶಾಸನಗಳು, ಸ್ಥಳನಾಮಗಳು ಹಾಗೂ ಶರಾವತಿಯ ಎರಡೂ ದಂಡೆಗಳ ಮೌಖಿಕ ಪರಂಪರೆಯನ್ನು ಒಟ್ಟಾಗಿ ಅಭ್ಯಸಿಸುವ ಕಾರ್ಯವು ನಡೆದಾಗ ಚೆನ್ನಭೈರಾದೇವಿಯು ಪ್ರವಾಸಿಯ ಪ್ರಣಯಕಥೆಯಿಂದಲೂ ಪರಕೀಯರು ಕೊಟ್ಟ ಬಿರುದಿನಿಂದಲೂ ಬಿಡುಗಡೆಗೊಂಡು, ಕಡಲ ಶತ್ರು ಮತ್ತು ಘಟ್ಟದ ಶತ್ರುಗಳ ನಡುವೆ ಅರ್ಧ ಶತಮಾನ ರಾಜ್ಯವನ್ನು ಉಳಿಸಿಕೊಂಡ ಆಡಳಿತಗಾರ್ತಿಯಾಗಿ ಕಾಣಿಸಿಕೊಳ್ಳುತ್ತಾಳೆ. ಹಿರಿಯರ ನೆನಪು ಮಾಸುವ ಮುನ್ನ ಈ ಕಾರ್ಯವು ನಡೆಯಬೇಕಾಗಿದೆ.